ಹಲ್ಲಕ್ಕ ಖಾಲಿ ಗೋಡೆ ತುಂಬಿಸಿದ್ದು

ಹಲ್ಲಕ್ಕನಿಗೆ ಲೋಕದಲ್ಲಿ ಇದ್ದ ಶತ್ರುಗಳು ಇಬ್ಬರೇ. ಒಬ್ಬ ಹುಟ್ಟಿನಿಂದ ಬಂದವನು, ಅವಳ ತಮ್ಮ. ಇನ್ನೊಬ್ಬಳು ಮಗಳ ಮದುವೆಯಿಂದ ಬಂದವಳು, ಅವಳ ಬೀಗಿತ್ತಿ. ಇಬ್ಬರನ್ನೂ ಅವಳು ಬೇರೆ ಬೇರೆ ದಿಕ್ಕಿನಲ್ಲಿಟ್ಟು, ಒಬ್ಬರ ಕಣ್ಣಿಗೆ ಒಬ್ಬರು ಬೀಳದಂತೆ ನೋಡಿಕೊಂಡು, ಬಹಳ ವರ್ಷ ನೆಮ್ಮದಿಯಾಗಿ ದ್ವೇಷಿಸುತ್ತ ಬಂದಿದ್ದಳು. ಆ ಇಬ್ಬರೂ ಒಂದೇ ಗೋಡೆಯ ಮುಂದೆ ಬಂದು ನಿಂತ ಸಂಜೆಯ ಕಥೆ ಇದು. ಅದನ್ನು ಹೇಳುವ ಮೊದಲು ಅವಳ ಕಸುಬಿನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಯಾಕೆಂದರೆ ಯುದ್ಧಕ್ಕೆ ಬೇಕಾದ ಆಯುಧಗಳೆಲ್ಲ ಅಲ್ಲಿಯವೇ.

ಹಲ್ಲಕ್ಕ ಕಟ್ಟುಹಲ್ಲಿನ ಸೆಟ್ಟು ಮಾಡುವವಳು. ಮನೆಯ ಹಿಂಭಾಗದಲ್ಲಿ ಒಂದು ಕೋಣೆ, ಅದಕ್ಕೆ ಓಣಿಯ ಕಡೆಗೆ ಒಂದು ಹಿತ್ತಿಲ ಬಾಗಿಲು. ಒಳಗೆ ಮೇಣ ಕರಗಿಸುವ ಸಣ್ಣ ಒಲೆ, ವಸಡು ಮಾಡುವ ಗುಲಾಬಿ ಬಣ್ಣದ ಪುಡಿಯ ಡಬ್ಬಿಗಳು, ಉಜ್ಜುವ ಚಕ್ರ, ಎಲ್ಲದರ ಮೇಲೂ ಪ್ಲಾಸ್ಟರಿನ ಬಿಳಿ ಧೂಳು. ವೈದ್ಯರು ಕಳಿಸುವ ಕೆಲಸ ಮುಂಬಾಗಿಲಿಂದ ಬರುತ್ತಿತ್ತು. ಊರಿನವರು ಮಾತ್ರ ಮುಖಕ್ಕೆ ಕರವಸ್ತ್ರ ಹಿಡಿದುಕೊಂಡು ಹಿತ್ತಿಲ ಬಾಗಿಲಿಂದ ಬರುತ್ತಿದ್ದರು. ಅವಳು ಯಾರಿಗೂ ಮೊದಲು ಬಾಯಿ ತೆರೆಯಿರಿ ಎನ್ನುತ್ತಿರಲಿಲ್ಲ. ಏನಾದರೂ ಹೇಳಿ ನಗಿಸುತ್ತಿದ್ದಳು. ನಗುವಾಗ ತುಟಿ ಎಲ್ಲಿಯವರೆಗೆ ಏರುತ್ತದೆ ಎಂದು ನೋಡಿಕೊಂಡೇ ಹಲ್ಲಿನ ಉದ್ದ ನಿರ್ಧಾರವಾಗುತ್ತಿತ್ತು. ಮುಂದಿನ ಸಾಲಿನಲ್ಲಿ ಒಂದು ಹಲ್ಲನ್ನು ಬೇಕೆಂದೇ ತುಸು ಓರೆಯಾಗಿ ಕೂರಿಸುತ್ತಿದ್ದಳು. "ಕವಾಯತಿಗೆ ನಿಂತಂಗೆ ನಿಂತ್ರೆ ಆ ಹಲ್ಲುಗಳೇ ಚಾಡಿ ಹೇಳ್ತವೆ," ಎನ್ನುತ್ತಿದ್ದಳು. ಅವಳ ಕೈಯಿಂದ ಬಾಯಿ ತುಂಬಿಕೊಂಡು ಹೋದವರು ಸಭೆ ಸಮಾರಂಭಗಳಲ್ಲಿ ಧಾರಾಳವಾಗಿ ನಗುತ್ತಿದ್ದರು. ಅಲ್ಲಿ ಹಲ್ಲಕ್ಕ ಎದುರಾದರೆ ಮಾತ್ರ ಗುರುತೇ ಇಲ್ಲದವರಂತೆ ಗೋಡೆ ನೋಡುತ್ತಿದ್ದರು. ಅವಳಿಗೆ ಅದರಿಂದ ಬೇಸರವಿರಲಿಲ್ಲ. ಅವಳ ವ್ಯಾಪಾರ ನಿಂತಿದ್ದು ಎರಡು ಕಂಬಗಳ ಮೇಲೆ. ಒಂದು, ಪರರ ಬಾಯಿ ತುಂಬಿಸುವುದು. ಇನ್ನೊಂದು, ತನ್ನ ಬಾಯಿ ಮುಚ್ಚಿಕೊಂಡಿರುವುದು.

ಒಂದೇ ಒಂದು ಅಭ್ಯಾಸ ಅವಳಿಗಿತ್ತು. ಪ್ರತಿಯೊಬ್ಬರ ದವಡೆಯ ಪ್ಲಾಸ್ಟರ್ ಅಚ್ಚನ್ನು ಎಸೆಯದೆ ಕಪಾಟಿನಲ್ಲಿ ಜೋಡಿಸಿಡುತ್ತಿದ್ದಳು. ಸೆಟ್ಟು ಕೈಜಾರಿ ಒಡೆದರೆ, ನಾಯಿ ಕಚ್ಚಿಕೊಂಡು ಹೋದರೆ, ಮತ್ತೆ ಅಳತೆ ತೆಗೆಯುವ ತಾಪತ್ರಯವಿಲ್ಲದೆ ಹೊಸದು ಮಾಡಿಕೊಡಬಹುದು ಎಂದು. ಅಚ್ಚು ಹಸಿಯಿರುವಾಗಲೇ ಅದರ ಮುಂದಿನ ಅಂಚಿನಲ್ಲಿ ಪೆನ್ಸಿಲಿನಿಂದ ಹೆಸರು ಬರೆಯುತ್ತಿದ್ದಳು. ಒದ್ದೆ ತಾಗಿದರೆ ನೇರಳೆಯಾಗಿ ಇಂಗಿಬಿಡುವ ಪೆನ್ಸಿಲ್ ಅದು. ಒಮ್ಮೆ ಬರೆದರೆ ಬ್ರಹ್ಮ ಬಂದರೂ ಅಳಿಸಲಾರ.

ಇನ್ನು ಅವಳ ತಮ್ಮ. ಪತ್ರಿಕೆಗಳು ಅವನನ್ನು ಬಿರುಗಾಳಿ ಎಂದು ಕರೆಯುತ್ತಿದ್ದವು. ತಲೆ ಅರ್ಧ ಬೋಳಾಗಿ ಉಳಿದರ್ಧ ಜುಟ್ಟಾಗಿ, ಮೊಮ್ಮಕ್ಕಳಾಗುವ ವಯಸ್ಸಿಗೆ ಬಂದಿದ್ದರೂ ಹಲ್ಲಕ್ಕ ಅವನನ್ನು ಪಾಪು ಎಂದೇ ಕರೆಯುತ್ತಿದ್ದಳು. ಅದರಲ್ಲಿ ಪ್ರೀತಿಯ ಪಾಲು ಎಷ್ಟು, ಸೇಡಿನ ಪಾಲು ಎಷ್ಟು ಎಂದು ತೂಗಿ ನೋಡಿದವರಿಲ್ಲ.

ಪಾಪುವಿನ ಕಲಾಜೀವನದ ದಿಗ್ವಿಜಯಗಳನ್ನು ಸಂಕ್ಷೇಪವಾಗಿ ಹೇಳುವುದಾದರೆ, ಅವನ ಮೊದಲ ಹೆಸರಾಂತ ಕೃತಿ 'ಮಾವನ ಗೊರಕೆ'. ಹೆಣ್ಣು ಕೊಟ್ಟ ಮಾವ ಮಲಗಿದಾಗ ಮಂಚದ ಕೆಳಗೆ ಯಂತ್ರವಿಟ್ಟು ಗೊರಕೆಯನ್ನು ಹಿಡಿದು, ಕತ್ತಲೆ ಕೋಣೆಯಲ್ಲಿ ಆಳೆತ್ತರದ ಧ್ವನಿಪೆಟ್ಟಿಗೆಗಳಿಂದ ಕೇಳಿಸಿದ. ಜನ ಚಾಪೆಯ ಮೇಲೆ ಮಲಗಿ ಆಲಿಸಿದರು. ವಿಮರ್ಶಕರು ಅದರಲ್ಲಿ ಗಂಡಾಳ್ವಿಕೆಯ ಕೊನೆಯುಸಿರನ್ನು ಗುರುತಿಸಿದರು. ಮಾವ ತನ್ನ ಗೊರಕೆಯನ್ನು ಗುರುತಿಸಿ ಅಳಿಯನ ಜೊತೆ ಮಾತು ಬಿಟ್ಟ. ಎರಡನೆಯದು 'ಪ್ರವೇಶ'. ಅದಕ್ಕಾಗಿ ಅವನು ಹಲ್ಲಕ್ಕನ ಮನೆಯ ಮುಂಬಾಗಿಲನ್ನೇ, ಅವಳು ಮನೆಯಲ್ಲಿಲ್ಲದ ಹೊತ್ತು, ಚಿಲಕ ಸಮೇತ ಬಿಚ್ಚಿಕೊಂಡು ಹೋಗಿ ಪ್ರದರ್ಶನದಲ್ಲಿ ನಿಲ್ಲಿಸಿದ. ಬಾಗಿಲು ಮರಳಿ ಬರುವವರೆಗೆ ಹಲ್ಲಕ್ಕ ಹೊಸ್ತಿಲಿಗೆ ಹೊದಿಕೆ ಕಟ್ಟಿಕೊಂಡು ಸಂಸಾರ ಮಾಡಿದಳು. ಬೀದಿಯ ಬೆಕ್ಕೊಂದು ಒಳಗೆ ಬಂದು ಸೋಫಾದ ಮೇಲೆ ಮರಿ ಹಾಕಿ ಹೋಯಿತು. ಮೂರನೆಯದು 'ಬಾವುಟ'. ಇಡೀ ಬೀದಿಯ ಒಣಹಾಕಿದ ಬಟ್ಟೆಗಳನ್ನು ಹಗ್ಗದಿಂದ ಎತ್ತಿ, ಒಂದಕ್ಕೊಂದು ಹೊಲಿದು, ಪೇಟೆಯ ನಡುವಿನ ಕಂಬಕ್ಕೇರಿಸಿದ. ಗೌರವಸ್ಥರು ತಮ್ಮ ಒಳಚಡ್ಡಿಗಳು ಗಾಳಿಗೆ ಗಂಭೀರವಾಗಿ ಹಾರಾಡುವುದನ್ನು ತಲೆಯೆತ್ತಿ ನೋಡಿದರು. ಪೊಲೀಸರು ಬಂದರು. ಆ ಚಿತ್ರ ನಾಲ್ಕು ದೇಶಗಳ ಪತ್ರಿಕೆಗಳಲ್ಲಿ ಬಂತು. ಕೊನೆಗೆ 'ದಾಂಪತ್ಯ'. ಅದರಲ್ಲಿ ಅವನೂ ಅವನ ಹೆಂಡತಿಯೂ ವೇದಿಕೆಯ ಮೇಲೆ ನಿಜವಾಗಿಯೇ ಜಗಳವಾಡಬೇಕು, ಜನ ಟಿಕೆಟು ಕೊಂಡು ನೋಡಬೇಕು. ಎರಡನೆಯ ದಿನ ಹೆಂಡತಿ ವೇದಿಕೆಯಿಂದಿಳಿದು, ಸಭಾಂಗಣ ದಾಟಿ, ಬಸ್ಸು ಹತ್ತಿ ತವರಿಗೆ ಹೋದಳು. ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳು ವಾಪಸು ಬರಲಿಲ್ಲ. ಅವರಿಬ್ಬರೂ ಇದ್ದ ಮನೆಯೂ ತವರಿನವರದೇ, ಅದಕ್ಕೂ ಅವನನ್ನು ಸೇರಿಸಲಿಲ್ಲ.

ಈ ಎಲ್ಲ ಕೃತಿಗಳಲ್ಲೂ ಒಂದು ಸಮಾನ ಅಂಶವಿತ್ತು. ವಸ್ತು ಬೇರೆಯವರದು, ಮಾನ ಬೇರೆಯವರದು, ಕೀರ್ತಿ ಅವನದು. ಕೇಳಿದರೆ ಎದೆ ತಟ್ಟಿಕೊಂಡು ಒಂದೇ ಮಾತು: "ನನ್ನ ಕೆಲಸದಲ್ಲಿ ಒಂದು ಎಳ್ಳಷ್ಟೂ ಸುಳ್ಳಿಲ್ಲ. ಎಲ್ಲಾ ನಿಜ!" ಅದು ನಿಜವೂ ಆಗಿತ್ತು. ಮಾವ ನಿಜವಾಗಿ ಗೊರಕೆ ಹೊಡೆದಿದ್ದ, ಹೆಂಡತಿ ನಿಜವಾಗಿ ಹೋಗಿದ್ದಳು. ಅವನಿಗೆ ಊಟ ಹಾಕುತ್ತಿದ್ದದ್ದೇ ಆ ನಿಜ.

ಹೆಂಡತಿ ಬಾಗಿಲು ಹಾಕಿಕೊಂಡ ಮೇಲೆ ಪಾಪು ಒಂದು ಚೀಲ ಹೆಗಲಿಗೇರಿಸಿ ಅಕ್ಕನ ಮನೆಗೆ ಬಂದ. ಹಲ್ಲಕ್ಕ ಹೊಸ್ತಿಲಲ್ಲಿ ಅಡ್ಡ ನಿಂತು, "ಈ ಬಾಗಿಲಿನ ತಿರುಗುಮೊಳೆ ಕಿತ್ರೆ ನಿನ್ನ ಬೆರಳು ಕೀಳ್ತೀನಿ," ಎಂದು ಎಚ್ಚರಿಸಿ ಒಳಗೆ ಬಿಟ್ಟಳು. ಕೆಲಸದ ಕೋಣೆಯ ಪಕ್ಕದ ಉಗ್ರಾಣದಲ್ಲಿ ಅವನಿಗೆ ಮಂಚ ಹಾಕಿಕೊಟ್ಟಳು. ಜೀವಮಾನದಲ್ಲಿ ಅವಳು ಮಾಡಿದ ದೊಡ್ಡ ತಪ್ಪು ಅದು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಒಂದು ಬೆಳಿಗ್ಗೆ ಅವನು ಕಪಾಟಿನ ಮುಂದೆ ನಿಂತು, ಆ ಸಾಲುಸಾಲು ದವಡೆಗಳನ್ನು ಬೆರಗಿನಿಂದ ನೋಡುತ್ತ, "ಅಕ್ಕಾ, ಇಷ್ಟು ವರ್ಷ ನೀನು ಇಂಥ ಕೆಲಸ ಮಾಡ್ತಿದ್ಯಾ? ನಾನು ನೋಡೇ ಇರ್ಲಿಲ್ವಲ್ಲ!" ಎಂದಾಗ ಅವಳು ಉಬ್ಬಿಹೋದದ್ದು. ಹುಟ್ಟಿದಾಗಿನಿಂದ ಅವನು ಅವಳನ್ನು ಹೊಗಳಿದ್ದು ಅದೇ ಮೊದಲು. ಅವತ್ತು ಅವನಿಗೆ ಎರಡು ಸಲ ಕಾಫಿ ಸಿಕ್ಕಿತು.

ಆ ವಾರ ಹಲ್ಲಕ್ಕ ಪಕ್ಕದೂರಿನ ವೈದ್ಯರೊಬ್ಬರಿಗೆ ಕೆಲಸ ಮುಟ್ಟಿಸಲು ಹೋಗಿ ಸಂಜೆ ಬಂದು ನೋಡುತ್ತಾಳೆ, ಕಪಾಟು ಖಾಲಿ. ಉಗ್ರಾಣವೂ ಖಾಲಿ. ಮಂಚದ ಮೇಲೆ ಒಂದು ಆಹ್ವಾನಪತ್ರಿಕೆ. 'ಪರಮಸತ್ಯದ ದವಡೆಗಳು: ಬಿರುಗಾಳಿಯ ಹೊಸ ಕೃತಿ. ಒಂದು ಊರು ಬಾಯಿ ಬಿಡುತ್ತದೆ.' ಶನಿವಾರ ಸಂಜೆ ಉದ್ಘಾಟನೆ, ಎಲ್ಲರಿಗೂ ಸ್ವಾಗತ.

ಅವಳು ಮೇಣದ ಒಲೆಯ ಪಕ್ಕದ ಸ್ಟೂಲಿನ ಮೇಲೆ ಕುಸಿದಳು. ಕಣ್ಣ ಮುಂದೆ ಮೊದಲು ಬಂದದ್ದು ಬೀಗಿತ್ತಿಯ ಮುಖ.

ಬೀಗಿತ್ತಿ ಆ ಊರಿನಲ್ಲಿ ತನ್ನ ಹಲ್ಲಿಗೆ ಹೆಸರುವಾಸಿ. "ಈ ವಯಸ್ಸಿಗೂ ಒಂದೂ ಅಲ್ಲಾಡಿಲ್ಲ, ನಮ್ಮ ವಂಶವೇ ಹಂಗೆ," ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು. ಆ ವಂಶದ ಹಲ್ಲುಗಳನ್ನು ಮೇಲೊಂದು ಕೆಳಗೊಂದು ಪೂರಾ ಸಾಲಾಗಿ ಕಟ್ಟಿಕೊಟ್ಟವಳು ಹಲ್ಲಕ್ಕ. ಬೀಗರಿಗೇ, ಅಂದರೆ ಆಕೆಯ ಕೈಹಿಡಿದ ಗಂಡನಿಗೇ, ಅದು ಗೊತ್ತಿರಲಿಲ್ಲ. ಆದರೂ ಮನೆಗೆ ಬಂದ ಸೊಸೆಯನ್ನು, ಹಲ್ಲಕ್ಕನ ಮಗಳನ್ನು, "ಪರರ ಎಂಜಲಲ್ಲಿ ಕೈಯಾಡಿಸೋ ಮನೆಯವಳು" ಎಂದು ಹಂಗಿಸದ ದಿನವಿರಲಿಲ್ಲ. ಹಲ್ಲು ಕೂರಿಸಿಕೊಂಡ ದಿನ ಹಿತ್ತಿಲ ಬಾಗಿಲಲ್ಲಿ ನಿಂತು ಆಕೆ ಹೇಳಿದ ಮಾತು ಹಲ್ಲಕ್ಕನ ಕಿವಿಯಲ್ಲಿ ಹಾಗೇ ಇತ್ತು. "ಈ ವಿಷಯ ಹೊರಗೆ ಬಿದ್ದ ದಿನ ನಿಮ್ಮ ಮಗಳು ಪೆಟ್ಟಿಗೆ ಸಮೇತ ನಿಮ್ಮ ಮನೇಲಿರ್ತಾಳೆ. ತಿಳ್ಕೊಳ್ಳಿ."

ಮಗಳಿಗೋ ಗಂಡನೆಂದರೆ ಪ್ರಾಣ. ಅತ್ತೆಯ ಮಾತನ್ನೆಲ್ಲ ಅವನ ಮುಖ ನೋಡಿ ನುಂಗುತ್ತಿದ್ದಳು.

ಮರುದಿನ ಬೆಳಿಗ್ಗೆಯೇ ಹಲ್ಲಕ್ಕ ಗ್ಯಾಲರಿಗೆ ಹೋದಳು. ಹಳೆಯ ಗೋದಾಮಿಗೆ ಬಿಳಿ ಬಣ್ಣ ಬಳಿದು ಮಾಡಿದ ಜಾಗ. ಗೋಡೆಯ ತುಂಬ ಅಂಗೈಯಗಲದ ಸಣ್ಣ ಸಣ್ಣ ಹಲಗೆಗಳು. ಒಂದೊಂದರ ಮೇಲೂ ಒಂದೊಂದು ದವಡೆ, ಒಂದೊಂದಕ್ಕೂ ಮೇಲಿನಿಂದ ಪುಟ್ಟ ದೀಪ, ನೇರಳೆ ಹೆಸರು ಎದುರಿಗೇ ಕಾಣುವಂತೆ. ಏಣಿಯ ಮೇಲಿದ್ದ ಪಾಪು ಅಕ್ಕನನ್ನು ನೋಡಿ ಹಿಗ್ಗಿದ.

"ಬಾ ಅಕ್ಕಾ, ಬಾ! ಹೆಂಗಿದೆ?"

"ಇಳಿಯೋ ಕೆಳಗೆ."

"ಕೋಪ ಮಾಡ್ಕೊಂಡ್ಯಾ? ನೋಡು, ಹೊರಗೆ ನಗ್ತಾರೆ, ಒಳಗೆ ಬರೀ ವಸಡು! ಇಡೀ ಸಮಾಜದ ಬೂಟಾಟಿಕೆ ಬಯಲು ಮಾಡಿದ್ದೀನಿ."

"ಬೂಟಾಟಿಕೆ ನಿಂದು ಕಣೋ, ಕಳ್ಳ. ಅವರು ನನ್ನನ್ನ ನಂಬಿ ಬಾಯಿ ಬಿಟ್ಟೋರು. ಎಲ್ಲಾ ಇಳಿಸು. ಈಗಲೇ."

"ಪೊಲೀಸಿಗೆ ಹೇಳು ಹೋಗು," ಎಂದ ಪಾಪು ಏಣಿಯ ಮೇಲಿಂದಲೇ, ತುಂಬ ಮೃದುವಾಗಿ. "ಏನು ಕಳುವಾಗಿದೆ, ಯಾರ್ಯಾರ್ದು ಅಂತ ಅವರಿಗೆ ಬಾಯಿಬಿಟ್ಟು ಹೇಳು. ನನ್ನ ಕೆಲಸ ಅರ್ಧ ನೀನೇ ಮಾಡಿದಂಗಾಗುತ್ತೆ."

ಗ್ಯಾಲರಿಯ ಒಡತಿ ಮೇಜಿನ ಹಿಂದಿನಿಂದ ಕತ್ತು ಚಾಚಿ, "ಇಳಿಸೋದಕ್ಕೆ ಆಗಲ್ಲಮ್ಮಾ, ಪತ್ರಿಕೆಯವರಿಗೆಲ್ಲ ಹೇಳಾಗಿದೆ," ಎಂದಳು.

ಹಲ್ಲಕ್ಕನ ಕಣ್ಣು ಗೋಡೆಯ ಮೇಲೆ ಓಡಾಡಿ ನಟ್ಟನಡುವೆ ನಿಂತಿತು. ಅಲ್ಲಿ, ಬೇರೆಲ್ಲದಕ್ಕಿಂತ ದೊಡ್ಡ ದೀಪದ ಕೆಳಗೆ, ಬೀಗಿತ್ತಿಯ ಎರಡೂ ದವಡೆಗಳು ವೈಭವದಿಂದ ಮಂಡಿಸಿದ್ದವು.

"ಪಾಪು," ಅವಳ ದನಿ ಇಳಿಯಿತು, "ಬೇರೆ ಏನು ಬೇಕಾದ್ರೂ ಮಾಡ್ಕೋ. ಅದೊಂದು ಕೊಟ್ಬಿಡು. ನನ್ನ ಮಗಳ ಸಂಸಾರ ಕಣೋ ಅದು. ಅವಳನ್ನ ಮನೆಯಿಂದ ಆಚೆ ಹಾಕ್ತಾರೆ."

ತಮ್ಮನ ಮುಖದ ಮೇಲೆ ಒಂದು ಕ್ಷಣ ಏನೋ ಮನುಷ್ಯರಿಗೆ ಸಂಬಂಧಪಟ್ಟದ್ದು ಹಾದುಹೋಯಿತು. ಮರುಕ್ಷಣ ಕಲಾವಿದ ವಾಪಸು ಬಂದ. "ಅದು ಹೋದ್ರೆ ಗೋಡೇಲಿ ಜೀವ ಎಲ್ಲಿರುತ್ತೆ? ಒಂದು ತೆಗೆದ್ರೆ, ಒಂದು ಬದಲಾಯಿಸಿದ್ರೆ, ಪೂರ್ತಿ ಸುಳ್ಳಾಗಿಬಿಡುತ್ತೆ ಅಕ್ಕಾ. ನಂಗೆ ನನ್ನ ಹೆಸರು ಮುಖ್ಯ." ಆಮೇಲೆ ಎಡಗಡೆ ಕೈ ತೋರಿಸಿ ನಿಟ್ಟುಸಿರಿಟ್ಟ. "ಸಂಕಟ ನಂಗೂ ಇದೆ. ಆ ಗೋಡೆ ನೋಡು, ಪೂರ್ತಿ ಖಾಲಿ. ನಿನ್ನ ಹತ್ರ ಇನ್ನೂ ಇವೆ ಅಂದ್ಕೊಂಡಿದ್ದೆ."

ಹಲ್ಲಕ್ಕ ಆ ಖಾಲಿ ಗೋಡೆಯನ್ನು ನೋಡಿದಳು. ತಮ್ಮನನ್ನು ನೋಡಿದಳು. ಮತ್ತೆ ಗೋಡೆಯನ್ನು ನೋಡಿದಳು. ನೇರ ಮನೆಯ ದಾರಿ ಹಿಡಿದಳು.

ಮನೆಗೆ ಬಂದವಳು ಸೆರಗು ಬಿಗಿದು, ಪ್ಲಾಸ್ಟರಿನ ದೊಡ್ಡ ಮೂಟೆಯ ಬಾಯಿ ಬಿಚ್ಚಿದಳು. ಕೆಲಸ ಕಲಿಯುವವರಿಗೆ ಅಭ್ಯಾಸಕ್ಕೆಂದು ಕೊಡುವ ಹಲ್ಲಿಲ್ಲದ ದವಡೆಯ ರಬ್ಬರ್ ಅಚ್ಚುಗಳು ಅವಳ ಬಳಿ ಕೆಲವಿದ್ದವು. ಒಂದರಲ್ಲಿ ಹುಯ್ದಳು, ಎರಡರಲ್ಲಿ ಹುಯ್ದಳು, ಗಟ್ಟಿಯಾದದ್ದನ್ನು ತೆಗೆದು ಮತ್ತೆ ಹುಯ್ದಳು. ಒಂದೊಂದನ್ನೂ ಚೂರಿಯಿಂದ ಅಲ್ಲಿ ಕೆತ್ತಿ ಇಲ್ಲಿ ಸವರಿ ಬೇರೆ ಬೇರೆ ಬಾಯಿ ಮಾಡಿದಳು. ಒಬ್ಬರ ವಸಡು ಅಗಲ, ಒಬ್ಬರದು ಚೂಪು, ಒಬ್ಬರ ಅಂಗುಳ ಗುಹೆಯಂತೆ. ಹಳತಾಗಿ ಕಾಣಲೆಂದು ಚಹಾದ ನೀರು ಬಳಿದಳು. ಸೃಷ್ಟಿಕರ್ತನಿಗೂ ಅಷ್ಟು ಬೇಗ ಅಷ್ಟು ಜನರ ಬಾಯಿ ಮಾಡಿ ಗೊತ್ತಿರಲಿಕ್ಕಿಲ್ಲ. ಆಮೇಲೆ ನೇರಳೆ ಪೆನ್ಸಿಲನ್ನು ನಾಲಿಗೆಗೆ ತಾಗಿಸಿಕೊಂಡು ಹೆಸರು ಬರೆಯಲು ಕುಳಿತಳು. ಯಾರ ಹೆಸರು? ಹಲ್ಲಿನಿಂದ ಮೋಟಾರು ಎಳೆದು ಪ್ರಸಿದ್ಧನಾದ ಗರಡಿ ಮಾಸ್ತರನ ಹೆಸರು. ಹಲ್ಲುಪುಡಿಯ ಜಾಹೀರಾತಿನಲ್ಲಿ ಊರ ತುಂಬ ನಗುತ್ತಿದ್ದ, ಈಜಿನಲ್ಲಿ ಪದಕ ಗೆದ್ದ ಹುಡುಗಿಯ ಹೆಸರು. ಸಿಟ್ಟು ಬಂದರೆ ಹಲ್ಲು ಕಡಿಯುವ ಶಬ್ದ ರಸ್ತೆಯಾಚೆಗೂ ಕೇಳುತ್ತಿದ್ದ ಟ್ರಾಫಿಕ್ ಇನ್ಸ್‌ಪೆಕ್ಟರನ ಹೆಸರು. ಕಲಾವಿಮರ್ಶಕನದು. ಗ್ಯಾಲರಿಯ ಒಡತಿಯದು. ಊರಿನ ಅತಿ ದೊಡ್ಡ ದಂತವೈದ್ಯನದು ಬರೆಯುವಾಗ ಕೈ ತಡೆಯಿತು, ಬರುವ ಕೆಲಸ ಅವನಿಂದಲೂ ಇತ್ತು. ಆದರೆ ಉತ್ಸಾಹ ಕೈಯನ್ನು ಮುಂದೆ ದೂಡಿತು.

ಶುಕ್ರವಾರ ಮಧ್ಯಾಹ್ನ ಬಾಡಿಗೆ ಗಾಡಿಯಲ್ಲಿ ಪೆಟ್ಟಿಗೆಗಳು ಗ್ಯಾಲರಿಯ ಮುಂದೆ ಇಳಿದವು. ಪಾಪು ಮುಚ್ಚಳ ತೆಗೆದ. ಒಂದನ್ನೆತ್ತಿ ಓದಿದ. ಕಣ್ಣು ಅರಳಿತು. ಇನ್ನೊಂದನ್ನೆತ್ತಿ ಓದಿದ.

"ಅಯ್ಯಯ್ಯೋ! ಗರಡಿ ಮಾಸ್ತರು? ಅಕ್ಕಾ, ಇವರದ್ದೂನಾ?"

"ನಾನು ಯಾರ ಬಗ್ಗೆನೂ ಏನೂ ಹೇಳೋಳಲ್ಲಪ್ಪ. ಓದೋಕೆ ಬರುತ್ತಲ್ಲ ನಿಂಗೆ."

"ಈ ಈಜೋ ಹುಡುಗಿ! ಇಷ್ಟು ಚಿಕ್ಕ ವಯಸ್ಸಿಗೆ! ಛೆ, ಛೆ, ಎಂಥಾ ದುರಂತ, ಎಂಥಾ ಅದ್ಭುತ!" ಅವನು ಆ ದವಡೆಯನ್ನು ಎದೆಗವಚಿಕೊಂಡ. "ಇಷ್ಟೊಂದು ಎಲ್ಲಿ ಬಚ್ಚಿಟ್ಟಿದ್ದೆ? ಯಾಕೆ ತಂದುಕೊಟ್ಟೆ?"

"ಖಾಲಿ ಗೋಡೆ ನೋಡಿ ಹೊಟ್ಟೆ ಚುರ್ ಅಂತು."

ಇದನ್ನೂ ಅವನು ನಂಬಿದ. ಲೋಕವೆಲ್ಲ ತನಗೆ ಕಚ್ಚಾ ಸಾಮಗ್ರಿ ಒದಗಿಸುವುದಕ್ಕಾಗಿಯೇ ಹುಟ್ಟಿದೆ ಎಂದು ತಿಳಿದವನಿಗೆ ಅಕ್ಕನ ಔದಾರ್ಯ ಸಹಜವಾಗಿಯೇ ಕಂಡಿತು. ಗ್ಯಾಲರಿಯ ಒಡತಿಯ ಹೆಸರಿದ್ದ ದವಡೆಯನ್ನು ಮಾತ್ರ ಒಡತಿಗೆ ಕಾಣದಂತೆ ಮೇಲಿನ ಸಾಲಿನ ಮೂಲೆಯಲ್ಲಿಟ್ಟ. ಸತ್ಯ ಎಲ್ಲರಿಗೂ ಒಂದೇ, ಆದರೆ ಬಾಡಿಗೆಯಿಲ್ಲದೆ ಜಾಗ ಕೊಟ್ಟವರಿಗೆ ತುಸು ತಡವಾಗಿ.

ಶನಿವಾರ ಸಂಜೆ ಗೋದಾಮು ತುಂಬಿತು. ಹಣ್ಣಿನ ತಟ್ಟೆ, ಪಾನಕದ ಲೋಟಗಳು, ಛಾಯಾಚಿತ್ರ ತೆಗೆಯುವವರು. ಫೋಟೋ ತೆಗೆಯುವಲ್ಲಿ ಬೀಗಿತ್ತಿ ಇರದಿರುವುದುಂಟೆ? ಪಾಪು ಮುತುವರ್ಜಿಯಿಂದ ಕಳಿಸಿದ್ದ ಆಹ್ವಾನಪತ್ರಿಕೆಯನ್ನು ಕೈಯಲ್ಲಿ ಹಿಡಿದು, ಬೀಗರನ್ನೂ ಸೊಸೆಯನ್ನೂ ಹಿಂದಿಟ್ಟುಕೊಂಡು, ತೇರಿನಂತೆ ಒಳಗೆ ಬಂದಳು. ಹಲ್ಲಕ್ಕ ಬಾಗಿಲ ಬಳಿಯ ಕಂಬಕ್ಕೆ ಒರಗಿ ನಿಂತಿದ್ದಳು.

ಮೊದಲ ಕಹಳೆ ಊದಿದವನು ಗರಡಿ ಮಾಸ್ತರ.

"ಯಾವನೋ ಅವನು!" ಗೋದಾಮಿನ ತಗಡು ನಡುಗಿತು. "ನನ್ನ ಹಲ್ಲಾ? ಕಟ್ಟಿದ್ದಾ? ಬಾ ಇಲ್ಲಿ, ಎಳೆದು ನೋಡು!" ಬಾಯಿಯನ್ನು ಆದಷ್ಟೂ ಅಗಲ ತೆರೆದು, ಗಾಡಿಯ ಬೀಗದ ಕೈಯಿಂದ ತನ್ನ ಹಲ್ಲುಗಳ ಮೇಲೆ ಟಣಟಣ ಬಾರಿಸಿದ.

ಎಲ್ಲರೂ ತಂತಮ್ಮ ಹೆಸರು ಹುಡುಕತೊಡಗಿದರು. ಈಜುವ ಹುಡುಗಿಯ ತಾಯಿ ಮಗಳ ಗಲ್ಲ ಹಿಡಿದು ಅವಳ ಬಾಯನ್ನು ಸಂತೆಯಲ್ಲಿ ಕರುವಿನ ಬಾಯಿ ತೋರಿಸುವಂತೆ ಸುತ್ತಲೂ ತೋರಿಸಿದಳು. ಇನ್ಸ್‌ಪೆಕ್ಟರು ಕಟಕಟನೆ ಹಲ್ಲು ಕಡಿದು ಮೌಖಿಕ ಸಾಕ್ಷ್ಯ ನೀಡಿದ. ದಂತವೈದ್ಯ, "ನನ್ನ ಬಾಯಿ ನಾನೇ ನೋಡಿಲ್ವೇನ್ರೀ?" ಎಂದು ಕಿರುಚಿದ. ವಿಮರ್ಶಕ ಒಂದೇ ಗುಟುಕಿಗೆ ಪಾನಕ ಮುಗಿಸಿ, ತನ್ನ ದವಡೆಯ ಮುಂದೆ ನಿಂತು, ಇದರಲ್ಲಿ ಕಲೆಯ ಅಂಶವೇ ಇಲ್ಲ ಎಂದು ಘೋಷಿಸಿದ. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ತಿಳಿದದ್ದೇ ತಡ, ನಿಜವಾಗಿ ಹಲ್ಲು ಕಟ್ಟಿಸಿಕೊಂಡವರಿಗೂ ಎಲ್ಲಿಲ್ಲದ ವೀರಾವೇಶ ಬಂತು. "ಸುಳ್ಳು! ಮಹಾಮೋಸ!" ಎಂದು ಎಲ್ಲರಿಗಿಂತ ಎತ್ತರದ ದನಿಯಲ್ಲಿ ಕೂಗಿದವರು ಅವರೇ. ಹಲ್ಲಕ್ಕ ಕೂರಿಸಿದ ಓರೆ ಹಲ್ಲುಗಳು ದೀಪದ ಬೆಳಕಿನಲ್ಲಿ ಕೋಪದಿಂದ ಥಳಥಳಿಸಿದವು.

ಬೀಗಿತ್ತಿ ಆಗ ನಟ್ಟನಡುವಿನ ದೀಪದ ಮುಂದೆ ನಿಂತಿದ್ದಳು. ಮುಖ ಪ್ಲಾಸ್ಟರಿನಷ್ಟೇ ಬಿಳಿ. ಬೀಗರು ಕನ್ನಡಕ ಏರಿಸಿ ಹೆಸರನ್ನು ಓದಿ, ಹೆಂಡತಿಯ ಬಾಯಿಯ ಕಡೆ ಹೊಸಬರನ್ನು ನೋಡುವಂತೆ ನೋಡಿದರು.

"ಏನೇ ಇದು?" ಎಂದರು ಮೆಲ್ಲಗೆ.

ಆಕೆಯ ದೃಷ್ಟಿ ಜನರ ನಡುವಿನಿಂದ ಹಾದು ಹಲ್ಲಕ್ಕನನ್ನು ಬಂದು ಚುಚ್ಚಿತು. ಪಕ್ಕದಲ್ಲಿ ಮಗಳು ತುಟಿ ಕಚ್ಚಿ ನಿಂತಿದ್ದಳು. ಹಲ್ಲಕ್ಕ ಗರಡಿ ಮಾಸ್ತರನ ಕಡೆ ಕಣ್ಣು ಹೊರಳಿಸಿ, ಹುಬ್ಬೇರಿಸಿ, ಕೂಗಿ ಎಂಬಂತೆ ಸನ್ನೆ ಮಾಡಿದಳು. ಬೀಗಿತ್ತಿ ಕೆಟ್ಟವಳೇ ಹೊರತು ಪೆದ್ದಿಯಲ್ಲ.

"ಥೂ, ನಾಚಿಕೆಗೆಟ್ಟವನೇ!" ಆಕೆಯ ಗುಡುಗಿಗೆ ಗರಡಿ ಮಾಸ್ತರನೂ ಬಾಯಿ ಮುಚ್ಚಿದ. "ನಮ್ಮ ವಂಶದ ಹಲ್ಲಿಗೆ ಕೈ ಹಾಕ್ತೀಯಾ? ನೋಡು!" ಹಣ್ಣಿನ ತಟ್ಟೆಯಿಂದ ಒಂದು ಸೇಬನ್ನು ಎತ್ತಿ, ಸಭೆಯ ಸಮಕ್ಷಮದಲ್ಲಿ, ಛಾಯಾಚಿತ್ರದವರ ಬೆಳಕು ಮಿಂಚುತ್ತಿರುವಾಗ, ಬುಡದವರೆಗೆ ಕಚ್ಚಿದಳು.

ಕಟ್ ಎಂದಿತು. ಜನ ಸೇಬು ಎಂದುಕೊಂಡರು. ಹಲ್ಲಕ್ಕ ಹಾಗೆಂದುಕೊಳ್ಳಲಿಲ್ಲ. ತಾನು ಮಾಡಿದ ವಸ್ತು ಒಡೆಯುವ ಶಬ್ದ ಅವಳಿಗೆ ಗೊತ್ತು. ಬೀಗಿತ್ತಿಯ ತುಟಿಗಳು ಬೀಗ ಹಾಕಿದಂತೆ ಮುಚ್ಚಿಕೊಂಡವು. ಕಣ್ಣು ತುಸು ದೊಡ್ಡದಾಯಿತು. ಆದರೆ ಆಕೆ ತಲೆಯೆತ್ತಿ, ಕೆನ್ನೆ ಉಬ್ಬಿಸಿ, ಮಹಾರಾಣಿಯಂತೆ ನಿಧಾನವಾಗಿ ಅಗಿಯುವ ನಟನೆ ಮಾಡುತ್ತ ನಿಂತಳು. ಬೀಗರು ಸಮಾಧಾನದ ಉಸಿರುಬಿಟ್ಟು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು.

ಪಾಪುವಿನ ಜುಟ್ಟು ಬಿಚ್ಚಿಹೋಗಿತ್ತು. ವಿವಾದ ಅವನಿಗೆ ಹೊಸದಲ್ಲ, ಕೋಪ ಅವನಿಗೆ ಮೃಷ್ಟಾನ್ನ. ಆದರೆ ಸುಳ್ಳುಗಾರ ಎಂದು ಅವನನ್ನು ಯಾರೂ ಈವರೆಗೆ ಕರೆದಿರಲಿಲ್ಲ. "ನಿಜ! ಎಲ್ಲಾ ನಿಜ!" ಎಂದು ಅರಚಿದ. "ನನ್ನ ಮಾತು ನಂಬಬೇಡಿ. ಇದನ್ನೆಲ್ಲ ಮಾಡಿದೋಳು ನಮ್ಮಕ್ಕ. ಅಲ್ಲೇ ನಿಂತಿದ್ದಾಳೆ. ಅವಳನ್ನೇ ಕೇಳಿ!"

ಇಡೀ ಗೋದಾಮು ತಿರುಗಿತು.

ಹಲ್ಲಕ್ಕ ಗೋಡೆಯನ್ನು ನೋಡಿದಳು. ಅಲ್ಲಿ ಅವಳ ಆಯಸ್ಸು ಸಾಲಾಗಿ ಕುಳಿತಿತ್ತು. ಹಲ್ಲು ಹೋಗಿ ಹಾಡು ನಿಲ್ಲಿಸಿದ್ದ ಸಂಗೀತದ ಟೀಚರಮ್ಮ ಮತ್ತೆ ಹಾಡಿದ್ದು ಆ ಮೂಲೆಯ ದವಡೆಯಿಂದ. ಅಪಘಾತದಲ್ಲಿ ಬಾಯಿ ಜಜ್ಜಿಹೋದ ಬಸ್ ಡ್ರೈವರನ ದವಡೆಯ ಆ ತಿರುವಿಗೆ ಅವಳು ಒಂದು ತಿಂಗಳು ಒದ್ದಾಡಿದ್ದಳು. ಅಷ್ಟು ಒಳ್ಳೆಯ ಕೆಲಸ ಅಷ್ಟು ಬೆಳಕಿನಲ್ಲಿ ಹಿಂದೆ ಎಂದೂ ನಿಂತಿರಲಿಲ್ಲ, ಮುಂದೆ ನಿಲ್ಲುವುದೂ ಇಲ್ಲ. ನನ್ನದು ಎನ್ನಲು ಇದೊಂದೇ ಅವಕಾಶ. ಅವಳ ಕಣ್ಣು ಜನರ ನಡುವೆ ಮಗಳನ್ನು ಹುಡುಕಿತು. ಮಗಳು ಇನ್ನೂ ತುಟಿ ಕಚ್ಚಿಕೊಂಡೇ ಇದ್ದಳು.

"ಚಿಕ್ಕವನಿದ್ದಾಗಿಂದ ಅವನು ಕೇಳಿದ್ದಕ್ಕೆ ಇಲ್ಲ ಅಂದೋಳಲ್ಲ ನಾನು," ಎಂದಳು ಹಲ್ಲಕ್ಕ. "ಪ್ರದರ್ಶನ ಮಾಡ್ತೀನಿ, ಗೋಡೆ ತುಂಬ ದವಡೆ ಬೇಕು ಅಂದ. ಕೂತು ಮಾಡಿಕೊಟ್ಟೆ. ಹೆಸರು ನೆನಪಿಗೆ ಬಂದಂಗೆ ಬರೆದೆ. ಎಲ್ಲಾ ಒಂದೇ ಮೂಟೆ ಪ್ಲಾಸ್ಟರು. ನಾನು ಕೆಲಸ ಮಾಡೋದು ಡಾಕ್ಟರುಗಳಿಗೆ. ಈ ಊರಲ್ಲಿ ಯಾರ ಬಾಯಿಗೂ ನಾನು ಕೈ ಹಾಕಿಲ್ಲ."

ಮರುದಿನದ ಪತ್ರಿಕೆಗಳು ಇಪ್ಪತ್ತು ವರ್ಷ ಬಿರುಗಾಳಿ ಎಂದದ್ದನ್ನು ಒಂದೇ ದಿನಕ್ಕೆ ಬೋಗಸ್ ಎಂದವು. ಹಾಗಾದರೆ ಗೊರಕೆ ಮಾವನದೇ ಹೌದೇ, ಹೆಂಡತಿ ಹೋದದ್ದಾದರೂ ದಿಟವೇ ಎಂದು ವಿಮರ್ಶಕ ಸುದೀರ್ಘವಾಗಿ ಶಂಕೆ ವ್ಯಕ್ತಪಡಿಸಿದ. ಆದರೆ ಆ ಸಂಜೆ, ಜನ ಕರಗಿದ ಮೇಲೆ, ಪಾಪು ಅಕ್ಕನ ಎದುರು ಬಂದು ನಿಂತ.

"ನನ್ನ ಕೃತಿ ಅದು! ನನ್ನ ಹೆಸರು! ನನ್ನನ್ನ ಒಂದು ಮಾತು ಕೇಳದೆ ಅದರೊಳಗೆ ಕೈ ಹಾಕಿದ್ಯಲ್ಲ, ನಿಂಗೆ ಮನುಷ್ಯತ್ವ ಇದ್ಯಾ?"

"ಮುಂಬಾಗಿಲು ಹೋದಾಗ ನಾನೂ ಇದೇ ಮಾತು ಕೂಗಿದ್ದೆ ಕಣೋ. ನೀನಿರಲಿಲ್ಲ, ಬಹುಮಾನ ತಗೊಳ್ಳೋಕೆ ಹೋಗಿದ್ದೆ."

"ನೀನು ನನ್ನ ಅಕ್ಕನೇ ಅಲ್ಲ!"

"ಸದ್ಯ," ಎಂದಳು ಹಲ್ಲಕ್ಕ. ಉಗ್ರಾಣದ ಬೀಗ ಬದಲಾಯಿತು. ಅವನು ಆಮೇಲೆ ಯಾರದೋ ಅತ್ತಿಗೆಯ ಮನೆಯಲ್ಲಿದ್ದಾನೆ, ಅವಳ ಅಡುಗೆಮನೆಯ ಪಾತ್ರೆಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಾನೆ ಎಂದು ಸುದ್ದಿ ಬಂತು. ಹಲ್ಲಕ್ಕ ಆ ಅತ್ತಿಗೆಗೆ ಎಚ್ಚರಿಕೆ ಹೇಳಿ ಕಳಿಸಿದಳು. ಆಕೆ ನಂಬಲಿಲ್ಲವಂತೆ.

ಗೋಡೆಯ ಮೇಲಿನ ದವಡೆಗಳನ್ನು, ದಿಟದವನ್ನೂ ಸಟೆಯವನ್ನೂ ಒಟ್ಟಿಗೇ ಗ್ಯಾಲರಿಯವರು ಗೋಣಿಗೆ ತುಂಬಿ ಕುಟ್ಟಿಸಿ ಅಂಗಳದ ಗುಂಡಿ ಮುಚ್ಚಿಸಿದರು. ಒಡತಿಗೆ ತನ್ನ ಹೆಸರಿನದು ಕೊನೆಗೂ ಸಿಕ್ಕಿತ್ತು. ಹಲ್ಲಕ್ಕ ಆ ಕಡೆಗೆ ಹೋಗಲಿಲ್ಲ. ಎರಡು ದಿನ ಖಾಲಿ ಕಪಾಟಿಗೆ ಬೆನ್ನು ಹಾಕಿ ಕೆಲಸ ಮಾಡಿದಳು. ಮೂರನೆಯ ದಿನದಿಂದ ಹಿತ್ತಿಲ ಬಾಗಿಲು ಮತ್ತೆ ಬಡಿಯತೊಡಗಿತು. ಇಡೀ ಊರಿನ ಮುಂದೆ ಕಣ್ಣು ಮಿಟುಕಿಸದೆ ಸುಳ್ಳು ಹೇಳಬಲ್ಲವಳನ್ನು ನಂಬದೆ ಇನ್ಯಾರನ್ನು ನಂಬುವುದು ಎಂದು ಹಲ್ಲಿಲ್ಲದವರೆಲ್ಲ ಒಳಗೊಳಗೇ ತೀರ್ಮಾನಿಸಿದ್ದರು. ಮುಂಚಿಗಿಂತ ಎರಡರಷ್ಟು ಕರವಸ್ತ್ರಗಳು ಓಣಿಯಲ್ಲಿ ಓಡಾಡಿದವು.

ಎಲ್ಲರಿಗಿಂತ ಮೊದಲು ಬಂದ ಕರವಸ್ತ್ರ ಬೀಗಿತ್ತಿಯದು. ಒಳಗೆ ಬಂದು, ಮಡಿಕೆ ಬಿಚ್ಚಿ, ಎರಡು ತುಂಡಾದ ಮೇಲಿನ ಸಾಲನ್ನು ಮೇಜಿನ ಮೇಲಿಟ್ಟಳು. ಹಲ್ಲು ನೋಯುತ್ತಿದೆ, ಬರೀ ಗಂಜಿ ಸಾಕು ಎಂದು ಗಂಡನನ್ನು ನಂಬಿಸಿ ಬಂದಿದ್ದಳು. ಕೃತಜ್ಞತೆ ಎಂಬ ರೋಗ ಆಕೆಗೆ ತಗುಲಿರಲಿಲ್ಲ.

"ಬೇಗ ಮಾಡಿ," ಎಂದಳು ಗಾಳಿ ತುಂಬಿದ ದನಿಯಲ್ಲಿ. "ಆ ಅಚ್ಚುಗಳನ್ನ ಇಟ್ಕೊಂಡಿದ್ದೇ ನಿಮ್ಮ ತಪ್ಪು. ಎಂಜಲ ಕೈಯೋರ ಬುದ್ಧಿ."

"ಹೌದು, ತಪ್ಪು," ಎಂದಳು ಹಲ್ಲಕ್ಕ. "ಈಗ ಅಚ್ಚಿಲ್ಲ. ಮೊದಲಿಂದ ಅಳತೆ ತೆಗೀಬೇಕು. ಕೂತ್ಕೊಳ್ಳಿ ಬೀಗಿತ್ತಿಯವ್ರೇ."

ಆಕೆಯನ್ನು ಕುರ್ಚಿಗೆ ಕೂರಿಸಿ, ಕತ್ತಿಗೆ ಬಟ್ಟೆ ಕಟ್ಟಿ, ಕಪಾಟಿನ ಕಡೆ ತಿರುಗಿದಳು. ಅಳತೆ ತೆಗೆಯುವ ಹಿಟ್ಟು ಎರಡು ಬಗೆಯದಿತ್ತು. ಒಂದು ಬೇಗ ಗಟ್ಟಿಯಾಗುವುದು, ಇನ್ನೊಂದು ನಿಧಾನವಾಗಿ. ಹಲ್ಲಕ್ಕ ಸ್ವಲ್ಪವೂ ಯೋಚಿಸದೆ ಎರಡನೆಯದಕ್ಕೆ ಕೈ ಚಾಚಿದಳು. ನೀರು ಹಾಕಿ ಕಲಸಿ, ತಟ್ಟೆಗೆ ತುಂಬಿ, "ಆ ಅನ್ನಿ," ಎಂದು ಬಾಯಿಗೆ ಒತ್ತಿ ಕೂರಿಸಿದಳು.

"ಇದು ಗಟ್ಟಿ ಆಗೋವರೆಗೂ ನಾಲಿಗೆ ಅಲ್ಲಾಡಿಸೋ ಹಂಗಿಲ್ಲ. ಅಲ್ಲಾಡಿದ್ರೆ ಮತ್ತೆ ಮೊದಲಿಂದ."

ಆಮೇಲೆ ಕೈ ಒರೆಸಿಕೊಂಡು, ಸ್ಟೂಲನ್ನು ಆಕೆಯ ಮಂಡಿಗೆ ತಾಗುವಷ್ಟು ಹತ್ತಿರಕ್ಕೆ ಎಳೆದು, ಆರಾಮವಾಗಿ ಕುಳಿತಳು.

"ಈಗ ನನ್ನ ಮಗಳ ವಿಷಯ ಮಾತಾಡೋಣ," ಎಂದಳು.